ಬಾಯವ್ವನ ಚಕ್ರ, ದುಂಡಪ್ಪನ ಪೇಟೆಂಟು

"ಹದಿನೈದ ದಿನ! ಬರೇ ಹದಿನೈದ ದಿನ ಕೊಡು ಶೈಲಾ. ಬಾಯವ್ವನ ಎಡಗೈ ಮಾಡೂ ಕೆಲಸಾನ ಮಷೀನಿನ ಕಡೆಯಿಂದ ಮಾಡಸಲಿಲ್ಲಾಂದ್ರ ನನ್ನ ಹೆಸರ ದುಂಡಪ್ಪನ ಅಲ್ಲ!"

ಅಡಿಗೆಮನೆಯ ಹೊಸ್ತಿಲ ಮೇಲೆ ನಿಂತು, ಒಂದು ಕೈಯಲ್ಲಿ ಚಹಾದ ಕಪ್ಪು, ಇನ್ನೊಂದರಲ್ಲಿ ಸ್ಕ್ರೂಡ್ರೈವರ್ ಹಿಡಿದು ದುಂಡಪ್ಪ ಈ ಭೀಷಣ ಪ್ರತಿಜ್ಞೆ ಮಾಡಿದ. ಹೆಂಡತಿ ಶೈಲಜಾ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

"ನಮ್ಮ ಮಿಕ್ಸರ್ ಒಯ್ಯುವಾಗನೂ ಹದಿನೈದ ದಿನಾನ ಅಂದಿದ್ರಿ. ಯುಗಾದಿಗೆ ಒಯ್ದದ್ದು, ದೀಪಾವಳಿ ಬಂತು."

"ಅದು ದುರಸ್ತಿ. ಇದು ಸಂಶೋಧನೆ!"

ರಾಮದುರ್ಗದ ಬಜಾರಿನ ಮಗ್ಗುಲಲ್ಲಿ ದುಂಡಪ್ಪನದು ಮೋಟಾರ್ ರಿವೈಂಡಿಂಗ್ ಅಂಗಡಿ. ಮಲಪ್ರಭೆಯ ದಂಡೆಯ ರೈತರು ಸುಟ್ಟುಹೋದ ಪಂಪಿನ ಮೋಟಾರುಗಳನ್ನು ತಂದು ಹಾಕಿದರೆ, ತಾಮ್ರದ ತಂತಿ ಸುತ್ತಿ ಜೀವ ತುಂಬಿ ಕಳಿಸುವವನು. ಮನೆಯ ಪಡಸಾಲೆಯಲ್ಲಿ ಶೈಲಜಾಳದು ರೊಟ್ಟಿಯ ವ್ಯಾಪಾರ. ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ದಿನಕ್ಕೆ ನಾನೂರು ಜೋಳದ ರೊಟ್ಟಿ ಹೋಗುತ್ತಿದ್ದವು. ಬಡಿಯುವವರು ಐದು ಜನ. ಆ ಐವರಲ್ಲಿ ಸಾಲಹಳ್ಳಿಯಿಂದ ಬರುವ ಬಾಯವ್ವನ ರೊಟ್ಟಿಗೇ ಹೆಸರು. ಕಾಗದದಷ್ಟು ತೆಳ್ಳಗೆ, ಹುಣ್ಣಿಮೆಯಷ್ಟು ದುಂಡಗೆ!

ಹದಿನಾಲ್ಕು ವರ್ಷ ಹೀಗೆ ರೊಟ್ಟಿ ಬಡಿದ ಬಾಯವ್ವನಿಗೆ ಆ ವರ್ಷದ ಬೇಸಿಗೆಯಲ್ಲಿ ಲಕ್ವಾ ಹೊಡೆಯಿತು. ಜೀವ ಉಳಿಯಿತು, ಮಾತು ಮರಳಿತು, ಕಾಲೂ ಸುಧಾರಿಸಿತು. ಎಡಗೈ ಮಾತ್ರ ಹೇಳಿದ ಮಾತು ಕೇಳಲಿಲ್ಲ. ನಾಲ್ಕು ತಿಂಗಳ ಮೇಲೆ ಒಂದು ಸೋಮವಾರ ಬಂದು ತನ್ನ ಹಳೆಯ ಜಾಗದಲ್ಲೇ ಕೂತಳು. ಬಲಗೈ ಬಡಿಯಿತು, ಆದರೆ ಅಂಚು ಹಿಡಿದು ರೊಟ್ಟಿಯನ್ನು ತಿರುಗಿಸಿ ಕೊಡಲು ಎಡಗೈ ಏಳಲಿಲ್ಲ. ಮೂರು ರೊಟ್ಟಿ ಹರಿದವು. ನಾಲ್ಕನೆಯದನ್ನು ಅವಳೇ ಮುದ್ದೆ ಮಾಡಿ ಹಿಟ್ಟಿನ ಪರಾತಕ್ಕೆ ಹಾಕಿ, "ಶೈಲವ್ವಾ, ನಾ ಇನ್ನ ಬರೂದಿಲ್ಲ. ನನ್ನ ಜಾಗಾ ಯಾರಿಗರೆ ಕೊಡು" ಅಂದು ಸೆರಗಿನಿಂದ ಕೈ ಒರೆಸಿಕೊಂಡಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನವಾದರೂ ಹೇಳಬಹುದಿತ್ತು.

ಚಹಾಕ್ಕೆಂದು ಒಳಗೆ ಬಂದಿದ್ದ ದುಂಡಪ್ಪ ಇದನ್ನೆಲ್ಲ ನೋಡಿದ್ದ. ಪ್ರತಿಜ್ಞೆ ಹುಟ್ಟಿದ್ದು ಅಲ್ಲಿಂದ. ಆ ಪ್ರತಿಜ್ಞೆಯಲ್ಲಿ ಅರ್ಧ ಮರುಕ, ಅರ್ಧ ಜಂಬ. ಆದರೆ ಮರುಕ ಖರೇನೇ ಆಗಿತ್ತು ಅನ್ನುವುದನ್ನು ಒಪ್ಪಬೇಕು.

ಐದನೆಯ ದಿನಕ್ಕೇ ಮೊದಲ ಯಂತ್ರ ಬಂತು. ಹಳೇ ಟೇಬಲ್ ಫ್ಯಾನಿನ ಮೋಟಾರಿನ ಮೇಲೆ ಒಂದು ಗುಂಡನೆಯ ತಗಡಿನ ತಟ್ಟೆ. ತಟ್ಟೆ ತಿರುಗುತ್ತದೆ, ಬಾಯವ್ವ ಒಂದೇ ಕೈಯಲ್ಲಿ ಬಡಿಯುತ್ತಾಳೆ, ಎಡಗೈಯ ಹಂಗೇ ಇಲ್ಲ! ಐವರು ಹೆಂಗಸರು ಸುತ್ತ ನೆರೆದರು. ದುಂಡಪ್ಪ ಗಂಟಲು ಸರಿಮಾಡಿಕೊಂಡು ಸ್ವಿಚ್ ಒತ್ತಿದ.

ಫ್ಯಾನಿನ ಮೋಟಾರಿಗೆ ತಾನು ಈಗ ರೊಟ್ಟಿಯ ಕೆಲಸದಲ್ಲಿದ್ದೇನೆ ಅನ್ನುವುದು ಗೊತ್ತಿರಲಿಲ್ಲ. ಹಿಟ್ಟಿನ ಉಂಡೆ ಒಂದು ಸುತ್ತು ತಿರುಗಿ, ಎರಡನೆಯ ಸುತ್ತಿಗೆ ಹಕ್ಕಿಯಂತೆ ಹಾರಿ, ದುಂಡಪ್ಪನ ಚಸ್ಮಾದ ಮೇಲೆ ಪಚಕ್ಕನೆ ಕೂತಿತು. ಉಳಿದ ಒಣಹಿಟ್ಟು ಪಡಸಾಲೆಯ ತುಂಬ ಎದ್ದು, ಐವರೂ ಹೆಂಗಸರು ಒಂದೇ ಕ್ಷಣದಲ್ಲಿ ಮುದುಕಿಯರಾದರು.

"ರೊಟ್ಟಿ ಬಡಿಯೂ ಮಷೀನ್ ಅಂದಿದ್ರಿ," ಶೈಲಜಾ ಹುಬ್ಬಿನ ಮೇಲಿನ ಹಿಟ್ಟು ಕೊಡವುತ್ತ ಕೇಳಿದಳು, "ಇದು ರೊಟ್ಟಿಲೆ ಬಡಿಯೂ ಮಷೀನ್ ಆತಲ್ರಿ!"

ಬಾಯವ್ವ ನಕ್ಕಳು. ಲಕ್ವಾ ಹೊಡೆದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಆ ನಗುವಿನಿಂದ ದುಂಡಪ್ಪನಿಗೆ ಹುರುಪು ಬಂತು. ಗುಜರಿಯಿಂದ ಕಾರಿನ ಗಾಜು ಒರೆಸುವ ವೈಪರಿನ ಮೋಟಾರು ತಂದ. ಅದು ಸ್ವಭಾವದಿಂದಲೇ ನಿಧಾನಿ. ಕಾಲಲ್ಲಿ ಒತ್ತಿದರೆ ತಿರುಗುವಂತೆ, ಬಿಟ್ಟರೆ ನಿಲ್ಲುವಂತೆ ಹೊಲಿಗೆ ಯಂತ್ರದ ಪೆಡಲು ಕೂಡಿಸಿದ. ಹನ್ನೆರಡನೆಯ ದಿನ ಬಾಯವ್ವನ ಬಲಗೈಯ ಕೆಳಗೆ ರೊಟ್ಟಿ ಮೆಲ್ಲಗೆ ಸುತ್ತುತ್ತ, ಅಗಲವಾಗುತ್ತ, ದುಂಡಗಾಗುತ್ತ ಹೋಯಿತು. ಶೈಲಜಾ ಮುಂದೆ ಬಂದು ಅದನ್ನೆತ್ತಿ ಹಂಚಿಗೆ ಹಾಕಿದಳು. ರೊಟ್ಟಿ ಉಬ್ಬಿತು. ರೊಟ್ಟಿಗಿಂತ ಹೆಚ್ಚು ದುಂಡಪ್ಪ ಉಬ್ಬಿದ!

ಉಬ್ಬಿದವನ ಫೋನಿಗೆ ಎರಡೇ ದಿನದಲ್ಲಿ ಒಂದು ಜಾಹೀರಾತು ಬಂತು. 'ನಿಮ್ಮ ತಲೆಯಲ್ಲಿ ಐಡಿಯಾ ಇದೆಯೇ? ಅದು ಕೋಟಿ ತರಬಲ್ಲದು!' ಕಂಪನಿಯ ಹೆಸರು ಕೀರ್ತಿಶಿಖರ ಇನ್ವೆಂಟರ್ಸ್ ಇಂಟರ್‌ನ್ಯಾಷನಲ್. ದುಂಡಪ್ಪ ನಾಲ್ಕು ಸಾಲು ಬರೆದು ಕಳಿಸಿದ. ಹತ್ತು ನಿಮಿಷದೊಳಗೆ ಫೋನು.

"ನಮಸ್ಕಾರ ಸರ್, ನಾನು ಆಕಾಶ. ಸರ್, ಇಂಥ ಐಡಿಯಾ ಪ್ರಪಂಚದಲ್ಲೇ ಇಲ್ಲ! ನಮ್ಮ ವಿಜ್ಞಾನಿಗಳು ನೂರಕ್ಕೆ ತೊಂಬತ್ತಾರು ಅಂಕ ಕೊಟ್ಟಿದ್ದಾರೆ."

ಸಾಲೆಯಲ್ಲಿ ಗಣಿತಕ್ಕೆ ಎಂದೂ ನಲವತ್ತು ದಾಟದ ದುಂಡಪ್ಪನಿಗೆ ಕಣ್ಣು ಮಂಜಾದವು. ಡ್ರಿಲ್ಲಿಂಗ್ ಮಷೀನಿಗೆಂದು ಕೂಡಿಸಿಟ್ಟಿದ್ದ ಹದಿನೆಂಟು ಸಾವಿರ, ಪೇಟೆಂಟಿನ ಶುಲ್ಕವೆಂದು, ಆ ಮಂಜಿನಲ್ಲೇ ಆಕಾಶಕ್ಕೆ ಹಾರಿತು. ಬದಲಿಗೆ ಬಂಗಾರದ ಬಣ್ಣದ ಮುದ್ರೆಯ ಸರ್ಟಿಫಿಕೇಟು ಬಂತು. ಜೊತೆಗೆ ಒಂದು ಕಟ್ಟಪ್ಪಣೆಯೂ ಬಂತು: ಯಂತ್ರವನ್ನು ನರಪಿಳ್ಳೆಗೂ ತೋರಿಸಬಾರದು, ಬಳಸಲೂ ಬಾರದು, ಕದಿಯುವವರು ಎಲ್ಲೆಲ್ಲೂ ಇದ್ದಾರೆ.

ಮರುದಿನ ಬಾಯವ್ವ ಬಂದಾಗ ಅವಳ ಚಕ್ರಕ್ಕೆ ಚಾದರ ಹೊದಿಸಿತ್ತು. ಚಾದರದ ಮೇಲೆ ಹಗ್ಗ, ಹಗ್ಗಕ್ಕೆ ಕೀಲಿ!

"ಅಣ್ಣಾರ, ಇದೇನ್ರಿ?"

"ಬಾಯವ್ವಾ, ಇನ್ನ ಸ್ವಲ್ಪ ದಿನ ತಡಕೋ. ಇದು ಈಗ ಸಾದಾ ಮಷೀನ್ ಉಳದಿಲ್ಲ. ಜಾಗತಿಕ ಆಗೇತಿ."

ಬಾಯವ್ವ ಚಾದರವನ್ನೊಮ್ಮೆ, ತನ್ನ ಕೈಯನ್ನೊಮ್ಮೆ ನೋಡಿ, ಮೂಲೆಯಲ್ಲಿ ಕೂತು ರೊಟ್ಟಿ ಎಣಿಸಿ ಕಟ್ಟುವ ಕೆಲಸಕ್ಕೆ ತೊಡಗಿದಳು. ಯಾರ ಸಲುವಾಗಿ ಯಂತ್ರ ಹುಟ್ಟಿತ್ತೋ ಅವಳೇ ಯಂತ್ರದಿಂದ ಮೂರು ಮೊಳ ದೂರ ಕೂತಿದ್ದಾಳೆ ಅನ್ನುವುದು ಮನೆಯಲ್ಲಿ ಎಲ್ಲರಿಗೂ ಕಾಣುತ್ತಿತ್ತು, ದುಂಡಪ್ಪನೊಬ್ಬನಿಗೆ ಬಿಟ್ಟು. ಅವನು ಕನ್ನಡಿಯ ಮುಂದೆ ನಿಂತು ತಲೆ ಬಾಚುತ್ತಿದ್ದ.

"ಶೈಲಾ, ಪೇಟೆಂಟ್ ಬರೂದ ತಡಾ, ಊರಾಗ ನನಗ ಪೇಟಾ ಸುತ್ತಿ ಸತ್ಕಾರ ಮಾಡತಾರ ನೋಡು."

"ಪೇಟಾ ಸುತ್ತಾವ್ರು ಆಮ್ಯಾಲೆ ಬರತಾರ. ಮೊದಲ ಟೋಪಿ ಹಾಕಾವ್ರು ಬಂದು ಹೋಗ್ಯಾರೇನು ನೋಡಕೋರಿ."

"ಅಂದ್ರ?"

"ಅವರು ಮಷೀನ್ ನೋಡ್ಯಾರೇನು?"

"ಇಲ್ಲ."

"ಫೋಟೋ?"

"ಇಲ್ಲ. ನಾಕ ಸಾಲ ಬರದೇನಿ."

"ನಾಕ ಸಾಲ ಓದಿ, ಹತ್ತ ನಿಮಿಷದಾಗ, ಇಡೀ ಪ್ರಪಂಚ ತಿರಗ್ಯಾಡಿ ಬಂದು, ಇಂಥಾದ್ದು ಎಲ್ಲೂ ಇಲ್ಲ ಅಂದ್ರು?"

"ಅವರ ಕಡೆ ಕಂಪ್ಯೂಟರ್ ಇರತಾವ ಶೈಲಾ," ಅಂದ ದುಂಡಪ್ಪ. ಅಂದ ಕೂಡಲೇ ಆ ಮಾತು ತನಗೇ ಯಾಕೋ ಸಣ್ಣದೆನಿಸಿತು. ಅದಕ್ಕೇ ಇನ್ನಷ್ಟು ಜೋರಾಗಿ ತಲೆ ಬಾಚಿದ.

ಅದೇ ಮಧ್ಯಾಹ್ನ ಆಕಾಶನ ಎರಡನೆಯ ಫೋನು ಬಂತು. ಚೀನಾದಲ್ಲಿ ಯಾರೋ ಇಂಥದ್ದೇ ಯಂತ್ರ ಮಾಡುತ್ತಿದ್ದಾರಂತೆ. ನೂರಾ ಐವತ್ತು ದೇಶಗಳ ಹಕ್ಕು ಹಿಡಿಯಬೇಕಾದರೆ ಎರಡು ದಿನದೊಳಗೆ ಅರವತ್ತೈದು ಸಾವಿರ! ದುಂಡಪ್ಪ ಅಂಗಡಿಯ ತಾಮ್ರದ ತಂತಿಯ ದಾಸ್ತಾನು ಮಾರುವ ವಿಚಾರಕ್ಕೆ ಬಂದ. ಶೈಲಜಾ ಜಗಳಾಡಲಿಲ್ಲ. ಸುಮ್ಮನೆ ತನ್ನ ಫೋನು ತೆಗೆದುಕೊಂಡು ಹಿತ್ತಲಿಗೆ ಹೋಗಿ ಕೂತಳು. ಹೆಂಡತಿ ಜಗಳಾಡದೆ ಎದ್ದು ಹೋದದ್ದನ್ನು ಕಂಡು ದುಂಡಪ್ಪನಿಗೆ ಒಳಗೊಳಗೇ ಅಂಜಿಕೆಯಾಯಿತು.

ಮರುದಿನ ಮುಂಜಾನೆ ಶೈಲಜಾ ಅವನ ಚಹಾದ ಪಕ್ಕದಲ್ಲಿ ಫೋನು ಇಟ್ಟಳು. "ಓದ್ರಿ. ನಾನೂ ಒಂದು ಸಂಶೋಧನೆ ಮಾಡೇನಿ. ನಿಮ್ಮ ಆಕಾಶನ ಕಂಪನಿಗೇ ಕಳಿಸಿದ್ದೆ."

ದುಂಡಪ್ಪ ಓದಿದ. 'ವಿದ್ಯುತ್ ಇಲ್ಲದೆ ನಡೆಯುವ ಸಾಧನ. ಬಿದಿರಿನ ಸೀಳುಗಳಿಂದ ಹೆಣೆದದ್ದು. ಮೂರು ಬದಿಗೆ ಅಂಚು, ನಾಲ್ಕನೆಯ ಬದಿ ತೆರೆದಿದೆ. ಇದರಲ್ಲಿ ಧಾನ್ಯ ಹಾಕಿ ಎರಡೂ ಕೈಯಿಂದ ಮೇಲಕ್ಕೆ ಚಿಮ್ಮಿಸಿದರೆ ಕಾಳು ಒಳಗೆ ಉಳಿದು ಹೊಟ್ಟು ಗಾಳಿಗೆ ಹಾರುತ್ತದೆ.'

"ಶೈಲಾ... ಇದು ಜ್ವಾಳಾ ಕೇರೂ ಮೊರ ಅಲ್ಲ?"

"ಹೌದ್ರಿ. ನಿಮ್ಮ ಬೆನ್ನ ಹಿಂದ ಗ್ವಾಡಿ ಗೂಟಕ್ಕ ತೂಗಬಿದ್ದೈತಲ್ಲ, ಅದ. ಈಗ ಅವರ ಉತ್ತರಾ ಓದ್ರಿ."

ಉತ್ತರ ಓದುತ್ತ ಓದುತ್ತ ದುಂಡಪ್ಪನ ಚಹಾ ಆರಿತು. 'ಅಭಿನಂದನೆಗಳು ಮೇಡಂ! ಇಂಥ ಐಡಿಯಾ ಪ್ರಪಂಚದಲ್ಲೇ ಇಲ್ಲ. ನಮ್ಮ ವಿಜ್ಞಾನಿಗಳು ನೂರಕ್ಕೆ ತೊಂಬತ್ತೆಂಟು ಅಂಕ ಕೊಟ್ಟಿದ್ದಾರೆ.'

"ನಿಮಗ ತೊಂಬತ್ತಾರು," ಶೈಲಜಾ ಮೆಲ್ಲಗೆ ಅಂದಳು, "ಮೊರಕ್ಕ ತೊಂಬತ್ತೆಂಟು."

ಅವಳು ನಗಲಿಲ್ಲ. ಅದೇ ಹೆಚ್ಚು ಚುಚ್ಚಿತು. ದುಂಡಪ್ಪ ಆಕಾಶನಿಗೆ ಫೋನು ಹಚ್ಚಿ, ಮೊರದ ವಿಷಯ ಕೇಳಿದ. ಆ ಕಡೆ ಫೋನು ಕಟ್ ಆಯಿತು. ಅಂದಿನಿಂದ ಆ ನಂಬರು ಚಾಲ್ತಿಯಲ್ಲಿಲ್ಲ.

ಅವನಿಗೆ ಹೋದ ರೊಕ್ಕಕ್ಕಿಂತ ಇನ್ನೊಂದು ಮಾತು ಹೆಚ್ಚು ಸಂಕಟ ಕೊಟ್ಟಿತು. ಐವತ್ತರ ಸನಿಹ ಬಂದ ಮೇಲೆ ಮೊದಲ ಸಲ ಯಾರೋ 'ನಿನ್ನ ತಲೆ ದೊಡ್ಡದು' ಅಂದಿದ್ದರು. ಅಂದವನು ಕಳ್ಳನಾದರೆ, ತಲೆಯೂ ಖೊಟ್ಟಿಯೇ ಏನು? ಅವನು ಎದ್ದು ಹೋಗಿ ಚಕ್ರದ ಕೀಲಿ ತೆಗೆದ, ಹಗ್ಗ ಬಿಚ್ಚಿದ, ಚಾದರ ಮಡಿಸಿಟ್ಟ. ಬಾಯವ್ವ ಬಂದು ಪೆಡಲಿನ ಮೇಲೆ ಕಾಲಿಟ್ಟು ಕೂತಳು.

ಸೈಬರ್ ದೂರಿನ ನಂಬರಿಗೆ ಫೋನು ಮಾಡಿಸಿದವಳೂ ಶೈಲಜಾನೇ, ಶನಿವಾರ ಅವನನ್ನು ಬೈಲಹೊಂಗಲದ ಬಸ್ಸು ಹತ್ತಿಸಿದವಳೂ ಅವಳೇ. ತಾನೂ ಹತ್ತಿ, ಜೊತೆಗೆ ಬಾಯವ್ವನನ್ನೂ ಕರೆದುಕೊಂಡಳು. ಅಲ್ಲಿ ಮಾಲಾ ಎಂಬ ಪಾಲಿಟೆಕ್ನಿಕ್ ಉಪನ್ಯಾಸಕಿ, ಏನಾದರೂ ಹೊಸದು ಮಾಡಹೊರಟವರಿಗೆ ಶನಿವಾರ ಮನೆಯಲ್ಲೇ ಪುಕ್ಕಟೆ ದಾರಿ ತೋರಿಸುತ್ತಾರೆಂದು ಶೈಲಜಾ ಕೇಳಿ ತಿಳಿದಿದ್ದಳು.

ಮಾಲಾ ಮೇಡಂ ನಡುವಯಸ್ಸಿನ, ಗಡಿಬಿಡಿಯಿಲ್ಲದ ಹೆಂಗಸು. ಪೂರ್ತಿ ಕೇಳಿ, ನಗದೆ, ಬೈಯದೆ ಒಂದೇ ಮಾತು ಕೇಳಿದರು. "ಆ ಕಂಪನಿಯೊಳಗ ಪೇಟೆಂಟ್ ಏಜೆಂಟ್ ಅಂತ ನೋಂದಣಿ ಆದಾವ್ರು ಯಾರಿದ್ರು? ಅವರ ನಂಬರ್ ಏನು?"

"ಕೇಳಲಿಲ್ರಿ."

"ಅದನ್ನ ಮೊದಲ ಕೇಳಬೇಕ್ರಿ. ನೋಂದಣಿ ಆದಾವರ ಯಾದಿ ಸರಕಾರದ ವೆಬ್‌ಸೈಟಿನ್ಯಾಗ ಯಾರ ಬೇಕಾದ್ರೂ ನೋಡಬಹುದು. ಖರೆ ಹೇಳಾವ್ರು ಯಾರೂ 'ಪೇಟೆಂಟ್ ಸಿಕ್ಕ ಸಿಗತೈತಿ' ಅಂತ ಮಾತ ಕೊಡೂದಿಲ್ಲ. ಮೊದಲ ಹುಡಕತಾರ, ಆಮ್ಯಾಲೆ ಮಾತಾಡತಾರ. ಬರ್ರಿ, ನಾವೂ ಹುಡಕೂಣು."

ಹುಡುಕಿದರು. ದುಂಡಪ್ಪನ ಎದುರಿಗೇ, ಸರಕಾರದ ಪುಕ್ಕಟೆ ವೆಬ್‌ಸೈಟಿನಲ್ಲಿ. ರೊಟ್ಟಿಗಾಗಿ ತಿರುಗುವ ತಟ್ಟೆ ಒಂದಲ್ಲ, ಐದು ಸಿಕ್ಕವು! ಒಂದು ಅವನ ಮದುವೆಗೂ ಮೊದಲಿನದು. ದುಂಡಪ್ಪ ಕುರ್ಚಿಯಲ್ಲೇ ಒಂದು ಗೇಣು ಇಳಿದ.

"ಹಂಗಾರ ನಂದು ಏನೂ ಇಲ್ಲ ಅನ್ರಿ."

"ಹಂಗ ಅನಬ್ಯಾಡ್ರಿ. ತಿರುಗೂ ತಟ್ಟಿ ಹೊಸಾದಲ್ಲ, ಅಷ್ಟ. ಒಂದ ಕೈ ಇದ್ದಾವ್ರ ಸಲುವಾಗಿ ಯಾರೂ ಮಾಡಿದಂಗ ಕಾಣೂದಿಲ್ಲ. ಅಲ್ಲೆ ಏನರೆ ಇರಬಹುದು. ಬಡಿದಾದ ಮ್ಯಾಲೆ ರೊಟ್ಟಿ ಹಂಚಿಗೆ ಹೆಂಗ ಹೋಗತೈತ್ರಿ?"

"ಎತ್ತಿ ಹಾಕತಾರ."

"ಎಷ್ಟ ಕೈಲೆ?"

ದುಂಡಪ್ಪ ಹೆಂಡತಿಯ ಕಡೆ ನೋಡಿದ.

"ಎರಡ ಕೈಲೆ," ಅಂದಳು ಶೈಲಜಾ. "ನನ್ನವು. ಮೊದಲನೇ ದಿನದಿಂದ ನಾನ ಎತ್ತಿ ಹಾಕಾಕತ್ತೇನ್ರಿ. ಇವರು ಉಬ್ಬಿದ ರೊಟ್ಟಿ ಅಷ್ಟ ನೋಡಿದ್ರು."

ಮಾಲಾ ಮೇಡಂ ಬಾಯವ್ವನ ಕಡೆ ತಿರುಗಿದರು. "ನಿಮ್ಮನ್ನ ಯಾರಾದ್ರೂ ಕೇಳ್ಯಾರೇನ್ರಿ ಅವ್ವಾರ, ಏನು ಬೇಕು ಅಂತ?"

"ಇಲ್ರಿ. ನಾನೂ ಹೇಳಲಿಲ್ಲ. ಮಷೀನಿನ ವಿಷಯ, ನಮಗೇನ ತಿಳಿತೈತಿ ಅಂತ."

ಮಾಲಾ ಮೇಡಂ ಕಳಿಸುವಾಗ ಇಷ್ಟು ಹೇಳಿದರು: ಅರ್ಜಿ ಹಾಕುವತನಕ ಊರಿಗೆಲ್ಲ ತೋರಿಸಬೇಡಿ, ವಾಟ್ಸಾಪಿಗೆ ಹಾಕಬೇಡಿ, ಅದು ನಿಜ. ಆದರೆ ಯಾರಿಗೆ ಬೇಕೋ ಅವರ ಕೈಯಿಂದಲೇ ತೆಗೆದಿಟ್ಟರೆ ಐಡಿಯಾ ಬೆಳೆಯುವುದಾದರೂ ಹೇಗೆ? ಮನೆಯೊಳಗೆ, ನಂಬಿಕೆಯ ಜನರ ನಡುವೆ ಬಳಸಿ, ಕೆಡಿಸಿ, ಮತ್ತೆ ಮಾಡಿ. ಪ್ರತಿದಿನದ್ದನ್ನೂ ತಾರೀಖು ಹಾಕಿ ಬರೆದಿಡಿ.

ಮರಳುವಾಗ ಬಸ್ಸು ಸವದತ್ತಿ ದಾಟಿತು. ದುಂಡಪ್ಪ ಹಿಂದಿನ ಸೀಟಿಗೆ ತಿರುಗಿ ಕೇಳಿದ. "ಬಾಯವ್ವಾ, ತಟ್ಟಿ ತಾನ ಓರೆ ಆಗಿ ರೊಟ್ಟಿ ಹಂಚಿನ ಮ್ಯಾಲೆ ಜಾರಿದ್ರ ನಡದೀತಿಲ್ಲ?"

ಬಾಯವ್ವ ಸಂಕೋಚದಿಂದಲೇ ತಲೆಯಾಡಿಸಿದಳು. "ಜಾರಿದ್ರ ಮಡಚತೈತ್ರಿ ಅಣ್ಣಾರ. ಮತ್ತ, ಕೆಳಗಿನ ಒಣಹಿಟ್ಟಿನ ಮಗ್ಗಲ ಮ್ಯಾಲೆ ಬರಬೇಕಲ್ರಿ, ಅದಕ್ಕ ನೀರ ಹಚ್ಚೂದು. ನೀವು ಹೇಳಿದಂಗ ಜಾರಿದ್ರ ಹಿಟ್ಟಿನ ಮಗ್ಗಲ ಹಂಚಿಗೆ ಹತ್ತಿ ಕರಕ ಆಗತೈತಿ."

ನಲವತ್ತೇಳು ವರ್ಷ ದಿನಾ ಎರಡು ಹೊತ್ತು ರೊಟ್ಟಿ ಉಂಡ ಮನುಷ್ಯನಿಗೆ ರೊಟ್ಟಿಗೆ ಎರಡು ಮಗ್ಗುಲಿವೆ ಅನ್ನುವುದು ತಿಳಿದದ್ದು ಆ ದಿನ, ಸವದತ್ತಿ ದಾಟಿದ ಮೇಲೆ!

"ಮತ್ತ ಹೆಂಗ ಆಗಬೇಕು?"

"ಜಾರೂದ ಬ್ಯಾಡ್ರಿ. ಬಾಗಲಾ ಮುಚ್ಚಿದಂಗ ತಟ್ಟಿ ಪೂರಾ ಬೋರಲ ಬಿದ್ದು, ಹಂಚಿನ ಮ್ಯಾಲೆ ರೊಟ್ಟಿ ಇಟ್ಟು, ಎದ್ದ ಬರಬೇಕು. ಮನಿಯೊಳಗ ಕುಂತಾಗೆಲ್ಲಾ ಅದನ್ನ ವಿಚಾರ ಮಾಡತಿದ್ದೆ ನಾನು."

ದುಂಡಪ್ಪನ ತಲೆಯಲ್ಲಿ ಏನೋ ಕಟಕ್ಕೆಂದಿತು. ಬಾಗಿಲು ಮುಚ್ಚಬೇಕಾದರೆ ಕೀಲು ಬೇಕು. ಕೀಲು ತನ್ನ ಕೆಲಸ.

ಆಮೇಲಿನ ಎರಡು ತಿಂಗಳು ಆ ಪಡಸಾಲೆಯಲ್ಲಿ ಕೆಟ್ಟ ರೊಟ್ಟಿಗಳ ಲೆಕ್ಕ ಇಡಲಿಲ್ಲ, ಓಣಿಯ ಎಮ್ಮೆಗಳು ಮಾತ್ರ ಮೈ ತುಂಬಿಕೊಂಡವು. ತಟ್ಟೆ ಬಗ್ಗಿತು, ರೊಟ್ಟಿ ಬಿಡಲಿಲ್ಲ. ರೊಟ್ಟಿ ಬಿಟ್ಟಿತು, ಹಂಚಿನ ಹೊರಗೆ ಬಿತ್ತು. ಒಮ್ಮೆ ತಟ್ಟೆಯೇ ಕಳಚಿ ಒಲೆ ಆರಿಸಿತು. ಪ್ರತಿ ಸಲ ದುಂಡಪ್ಪ "ಇದು ಸರಿ ಐತಿ" ಅನ್ನುವುದು, ಬಾಯವ್ವ "ಇಲ್ರಿ ಅಣ್ಣಾರ" ಅನ್ನುವುದು, ಶೈಲಜಾ ಎರಡನ್ನೂ ನೋಟುಬುಕ್ಕಿನಲ್ಲಿ ತಾರೀಖು ಹಾಕಿ ಬರೆಯುವುದು. 'ಇವರು ಸರಿ ಅಂದ್ರು. ಸರಿ ಇಲ್ಲ' ಎಂದು ಆ ಪುಸ್ತಕದಲ್ಲಿ ಮೂವತ್ತೊಂದು ಸಲ ಬರೆದಿದೆ.

ಮೂವತ್ತೆರಡನೆಯ ಸಲ ಬಾಯವ್ವ ರೊಟ್ಟಿ ಬಡಿದಳು. ಬಲಗಾಲಿನ ಪೆಡಲು ಬಿಟ್ಟು, ಹೊಸದಾಗಿ ಕೂಡಿಸಿದ್ದ ಎಡಗಾಲಿನ ಪೆಡಲನ್ನು ಮೆಲ್ಲಗೆ ಒತ್ತಿದಳು. ತಟ್ಟೆ ಎದ್ದು, ಹೊರಳಿ, ಹಂಚಿನ ಮೇಲೆ ಬೋರಲಾಗಿ, ಬರಿದಾಗಿ ಮರಳಿತು. ಅವಳು ರೊಟ್ಟಿಯ ಮೇಲೆ ನೀರು ಸವರಿದಳು. ಯಾರೂ ಹತ್ತಿರ ಹೋಗಿರಲಿಲ್ಲ. ಶೈಲಜಾ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಆ ದಿನ ಬಾಯವ್ವ ಒಬ್ಬಳೇ ನಲವತ್ತು ರೊಟ್ಟಿ ಮಾಡಿದಳು. ಮೊದಲಿನ ಅರ್ಧದಷ್ಟೇ. ಆದರೆ ನಲವತ್ತೂ ಅವಳವೇ. ಸಂಜೆ ಎದ್ದು ಹೋಗುವಾಗ, "ಶೈಲವ್ವಾ, ನನ್ನ ಜಾಗಾ ಯಾರಿಗೂ ಕೊಡಬ್ಯಾಡ" ಅಂದಳು. ಆಗ ಅತ್ತಳು.

ಅರ್ಜಿ ಬರೆಯುವ ದಿನ ಮಾಲಾ ಮೇಡಂ ಒಬ್ಬ ನೋಂದಾಯಿತ ಏಜೆಂಟರನ್ನು ಕರೆಸಿದ್ದರು. ಸರಕಾರದ ಶುಲ್ಕ ಎಷ್ಟು, ತಮ್ಮ ಕೂಲಿ ಎಷ್ಟು ಎಂದು ಅವರು ಬೇರೆಬೇರೆಯಾಗಿ ಬರೆದುಕೊಟ್ಟರು. ಸಿಕ್ಕರೂ ಸಿಗಬಹುದು, ಸಿಗದೆಯೂ ಇರಬಹುದು, ವರ್ಷಗಳೇ ಹಿಡಿಯಬಹುದು ಅಂದರು. ಕೋಟಿಯ ಸುದ್ದಿಯನ್ನೇ ಎತ್ತಲಿಲ್ಲ. ಇಷ್ಟು ನಿರಾಸೆಯ ಮಾತಾಡುವ ಮನುಷ್ಯ ಕಳ್ಳನಾಗಿರಲು ಸಾಧ್ಯವೇ ಇಲ್ಲ ಎಂದು ದುಂಡಪ್ಪನಿಗೆ ಖಾತ್ರಿಯಾಯಿತು!

"ಸಂಶೋಧಕರ ಹೆಸರು?"

ದುಂಡಪ್ಪ ಕಾಲರು ಸರಿಮಾಡಿಕೊಂಡ. ಹೇಳಲು ಬಾಯಿ ತೆರೆದವನು, ಯಾಕೋ ನಿಂತ. ಸವದತ್ತಿಯ ಬಸ್ಸಿನ ಮಾತು ಯಾರದು? ಅವನು ಕಾಲರಿನಿಂದ ಕೈ ತೆಗೆದು, "ಮೊದಲ ಬಾಯವ್ವ ಅಂತ ಬರೀರಿ," ಅಂದ. "ಎರಡನೇದು ನಂದು. ಕೀಲು ನಂದ ಐತಿ."

"ಶೈಲಜಾ ಅವರದು?" ಏಜೆಂಟರು ಕೇಳಿದರು.

"ನಂದ್ಯಾಕ್ರಿ? ನಾ ಬರೇ ಪ್ರಶ್ನೆ ಕೇಳಿದಾಕಿ."

"ಪ್ರಶ್ನೆಗೆ ಪೇಟೆಂಟ್ ಕೊಡೂದಿಲ್ಲ," ಮಾಲಾ ಮೇಡಂ ಅಂದರು. "ಕೊಡಬೇಕಿತ್ತು."

ಅರ್ಜಿಗೆ ನಂಬರು ಬಂತು. ಪೇಟೆಂಟ್ ಇನ್ನೂ ಬಂದಿಲ್ಲ. ಹದಿನೆಂಟು ಸಾವಿರವೂ ಬಂದಿಲ್ಲ. ಆದರೂ ಒಂದು ಮಂಗಳವಾರ ದುಂಡಪ್ಪ ಇಸ್ತ್ರಿಯ ಅಂಗಿ ಹಾಕಿಕೊಂಡು ಅಂಗಡಿಯಲ್ಲಿ ಕೂತಿದ್ದಾಗ, ಎದುರಿನ ಚಹಾದಂಗಡಿಯಲ್ಲಿ ಅಪರಿಚಿತನೊಬ್ಬ ಕೇಳುವುದು ಕಿವಿಗೆ ಬಿತ್ತು. ಹೆಸರು ಲಗಮಣ್ಣ, ಊರು ತೊರಗಲ್ಲು ಅನ್ನುತ್ತಿದ್ದ. ಕಂಕುಳಲ್ಲಿ ಗೋಣಿಚೀಲ ಸುತ್ತಿದ ಏನೋ ಒಂದು ಯಂತ್ರ.

ಸಂಶೋಧಕ ದುಂಡಪ್ಪನನ್ನು ಹುಡುಕಿಕೊಂಡು ತಾಲೂಕಿನ ಜನ ಬರತೊಡಗಿದರು! ದುಂಡಪ್ಪ ಬೆನ್ನು ನೆಟ್ಟಗೆ ಮಾಡಿ ಕೂತ. ಆಗ ಲಗಮಣ್ಣನ ಮಾತು ಪೂರ್ತಿ ಕೇಳಿಸಿತು.

"ಪೇಟೆಂಟಿನ್ಯಾಗ ಮೋಸ ಹೋದ ದುಂಡಪ್ಪನ ಅಂಗಡಿ ಯಾವುದ್ರಿ?"

ಚಹಾದಂಗಡಿಯವನು ತಲೆಯೆತ್ತದೆ, ಒಂದು ಕ್ಷಣವೂ ಯೋಚಿಸದೆ, ಬೆರಳು ಮಾಡಿ ತೋರಿಸಿದ.

ದುಂಡಪ್ಪನಿಗೆ ಷಟರ್ ಎಳೆದುಕೊಂಡು ಒಳಗೇ ಕೂತುಬಿಡಬೇಕೆನಿಸಿತು. ಆದರೆ ಆ ಮನುಷ್ಯ ಗೋಣಿಯ ಗಂಟನ್ನು ಎಳೇ ಕೂಸಿನಂತೆ ಎದೆಗೆ ಅವಚಿಕೊಂಡು ರಸ್ತೆ ದಾಟುತ್ತಿದ್ದ. ದುಂಡಪ್ಪ ಸ್ಟೂಲಿನ ಮೇಲಿನ ತಂತಿಯ ಸುರುಳಿ ಎತ್ತಿ ಕೆಳಗಿಟ್ಟ.

"ಇದ ರೀ ಅಂಗಡಿ. ಬರ್ರಿ, ಕುಂದರ್ರಿ. ನಿಮಗೂ ಅಂಥಾ ಫೋನ್ ಬಂದಿತ್ತೇನು?"

"ಹೂಂನ್ರಿ. ಪ್ರಪಂಚದಾಗ ಇಲ್ಲ ಅಂದ್ರು."

"ರೊಕ್ಕಾ ಕಳಿಸೀರೇನು?"

"ಸಂಜಿಕೆ ಕಳಸಾವಿದ್ದೆ. ಮಾಲಾ ಮೇಡಮ್ಮಾರು ತಡದ್ರು. ಮೊದಲ ದುಂಡಪ್ಪನೋರನ್ನ ಕಂಡ ಬರ್ರಿ, ಆ ವಿಷಯದಾಗ ಅವರಷ್ಟ ಖರ್ಚ ಮಾಡಿ ಕಲತಾವ್ರು ನಮ್ಮ ಕಡೆ ಇನ್ನೊಬ್ಬರಿಲ್ಲ ಅಂದ್ರು!"

ದುಂಡಪ್ಪ ಎದುರಿನ ಅಂಗಡಿಗೆ ಕೈಯೆತ್ತಿ ಎರಡು ಚಹಾ ಹೇಳಿದ.